ಎಂಜಿನ್‌ಗೆ ಸಿಲಿಕೋನ್, ಗೇರ್‌ಬಾಕ್ಸ್‌ಗೆ ಅನೇರೋಬಿಕ್?

ಎರಡು ಭಾಗಗಳ ನಡುವಿನಿಂದ ಎಣ್ಣೆ ಸೋರದಂತೆ ಹಚ್ಚುವ ಗ್ಯಾಸ್ಕೆಟ್ ಸೀಲಂಟ್ ಆರಿಸುವಾಗ ಮೊದಲು ನೋಡಬೇಕಾದದ್ದು ಟ್ಯೂಬಿನ ಬಣ್ಣವನ್ನಲ್ಲ, ಜೋಡಿಸುವ ಎರಡು ಮುಖಗಳನ್ನು.

ಆಯಿಲ್ ಸಂಪ್, ಅಂದರೆ ಎಂಜಿನ್ನಿನ ತಳದ ಎಣ್ಣೆ ತಟ್ಟೆ, ತೆಳು ತಗಡಿನದಾಗಿದ್ದರೆ ಆರ್‌ಟಿವಿ (ಬಿಸಿ ಮಾಡದೆ ಗಟ್ಟಿಯಾಗುವ) ಸಿಲಿಕೋನ್ ಸರಿ. ಅದು ಗಾಳಿಯ ತೇವಾಂಶದಿಂದ ಗಟ್ಟಿಯಾಗಿ ರಬ್ಬರಿನಂತೆ ಬಾಗುತ್ತದೆ, ತಗಡಿನ ಏರುತಗ್ಗುಗಳನ್ನೂ ತುಂಬುತ್ತದೆ. ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ 24 ಗಂಟೆ ಬೇಕು. ವಿನೆಗರ್ ವಾಸನೆ ಬರುವ ಬಗೆಯನ್ನು ನಾನು ಎಂಜಿನ್ ಹತ್ತಿರ ತರುವುದಿಲ್ಲ. ಅದರ ಆಮ್ಲ ಲೋಹವನ್ನು ತಿನ್ನುತ್ತದೆ. ಎಂಜಿನ್ನಿನ ಆಕ್ಸಿಜನ್ ಸೆನ್ಸರ್‌ಗೆ ಹಾನಿಯಿಲ್ಲವೆಂದು ಬರೆದಿರುವುದನ್ನೇ ಕೊಳ್ಳಿ. ಪೆಟ್ರೋಲ್ ತಾಗುವ ಕಡೆ ಸಿಲಿಕೋನ್ ಬೇಡವೇ ಬೇಡ.

ಗೇರ್‌ಬಾಕ್ಸಿನ ಎರಡು ಅಲ್ಯೂಮಿನಿಯಂ ಹೋಳುಗಳು ನಯವಾಗಿ, ಸಮತಟ್ಟಾಗಿ ಕೂಡುತ್ತವೆ. ಅಲ್ಲಿ ನನ್ನ ಆಯ್ಕೆ ಅನೇರೋಬಿಕ್. ಗಾಳಿ ಸಿಗದೆ ಲೋಹಕ್ಕೆ ಅಂಟಿಕೊಂಡಾಗ ಮಾತ್ರ ಅದು ಗಟ್ಟಿಯಾಗುತ್ತದೆ. ಇದರ ದೊಡ್ಡ ಲಾಭ ಒಳಗೆ ಉಕ್ಕಿದ ಭಾಗದಲ್ಲಿದೆ: ಅದು ದ್ರವವಾಗಿಯೇ ಉಳಿದು ಎಣ್ಣೆಯಲ್ಲಿ ಬೆರೆತುಹೋಗುತ್ತದೆ. ಸಿಲಿಕೋನ್ ಹಾಗಲ್ಲ. ಎಂಜಿನ್ನಿನ ಒಳಗೆ ಹುಳುವಿನಂತೆ ಇಳಿಬಿದ್ದ ಎಳೆ ಗಟ್ಟಿಯಾಗಿ, ಒಂದು ದಿನ ಕಳಚಿ, ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂರುತ್ತದೆ. ಎಂಜಿನ್ನಿಗೆ ಎಣ್ಣೆ ತಪ್ಪುತ್ತದೆ. ಸಿಲಿಕೋನ್ ಬಳಸುವುದಾದರೆ ಬೋಲ್ಟ್ ರಂಧ್ರಗಳ ಒಳಬದಿಯಲ್ಲಿ ಎರಡು ಮೂರು ಮಿಲಿಮೀಟರ್ ದಪ್ಪದ ಒಂದೇ ಎಳೆ ಸಾಕು.

ಆದರೆ ಅನೇರೋಬಿಕ್ ಅರ್ಧ ಮಿಲಿಮೀಟರಿಗಿಂತ ಹೆಚ್ಚಿನ ಸಂದನ್ನು ತುಂಬಲಾರದು. ಮುಖ ಗೀರುಬಿದ್ದಿದ್ದರೆ, ಬಾಗಿದ್ದರೆ ಸಿಲಿಕೋನಿಗೇ ಮರಳಬೇಕು, ಅದೂ ಗೇರ್ ಆಯಿಲ್ ತಾಳುವಂಥದ್ದಕ್ಕೆ.

ಮೂಲದಲ್ಲಿ ಕಾಗದದ ಗ್ಯಾಸ್ಕೆಟ್ ಇದ್ದ ಕಡೆ ಎರಡೂ ಬೇಡ, ಅದನ್ನೇ ಹಾಕಿ. ಅದರ ದಪ್ಪವೇ ಕೆಲವೊಮ್ಮೆ ಬೇರಿಂಗಿನ ಬಿಗಿತವನ್ನು ನಿರ್ಧರಿಸುತ್ತದೆ.