ಮಕ್ಕಳ ಹುಟ್ಟುಹಬ್ಬದ ಜಾದೂ: ಡೈ ಬಾಕ್ಸ್, ಬಣ್ಣದ ಪುಸ್ತಕ, ಸ್ಪಂಜಿನ ಚೆಂಡು ಮತ್ತು ಚೊಂಬು

ಮಕ್ಕಳ ಹುಟ್ಟುಹಬ್ಬಗಳಲ್ಲಿ ಜಾದೂ ಪ್ರದರ್ಶನ ನೀಡಲು ಹೊಸದಾಗಿ ತೊಡಗುವವರು ಮೊದಲು ಯಾವ ಸಾಮಗ್ರಿ ಕೊಳ್ಳಬೇಕೆಂದು ನನ್ನನ್ನು ಕೇಳುವುದುಂಟು. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಪಾರ್ಟಿ ಹಾಲ್‌ಗಳಲ್ಲಿಯೂ ಮೈಸೂರಿನ ತಾರಸಿ ಶಾಮಿಯಾನಗಳಡಿಯಲ್ಲಿಯೂ ನಾನು ಬಹುಕಾಲದಿಂದ ಪ್ರಯೋಗಿಸುತ್ತ ಬಂದಿರುವ ನಾಲ್ಕು ಸಾಮಗ್ರಿಗಳನ್ನು ಇಲ್ಲಿ ಹೋಲಿಸಿದ್ದೇನೆ. ಯಾವುದರ ರಹಸ್ಯವನ್ನೂ ಬಿಡಿಸಿ ಹೇಳುವುದಿಲ್ಲ. ಹೋಲಿಕೆಗೆ ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ: ಆಟ ಮುಗಿದಾಗ ಚಪ್ಪಾಳೆ ಜಾದೂಗಾರನಿಗೆ ಬಿತ್ತೋ, ಅವನ ಪಕ್ಕದಲ್ಲಿ ನಿಂತ ಮಗುವಿಗೆ ಬಿತ್ತೋ ಎಂಬುದು. ಮಕ್ಕಳ ಸಮಾರಂಭದಲ್ಲಿ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದೆಂದು ನಾನು ದೃಢವಾಗಿ ನಂಬಿದ್ದೇನೆ.

ಗದ್ದಲ ಎಬ್ಬಿಸುವುದರಲ್ಲಿ ಡೈ ಬಾಕ್ಸ್‌ಗೆ ಸಾಟಿಯಿಲ್ಲ. ಎರಡು ಅಂಕಣಗಳ ಮರದ ಪೆಟ್ಟಿಗೆಯೊಳಗೆ ದೊಡ್ಡ ದಾಳವೊಂದನ್ನು ಇಟ್ಟು, ಅದು ಮಾಯವಾಯಿತೆಂದು ಹೇಳಿ ಒಂದು ಬದಿಯ ಬಾಗಿಲು ತೆರೆದು ತೋರಿಸಿದಾಗ, ಪೆಟ್ಟಿಗೆ ವಾಲಿದ್ದನ್ನೂ ಒಳಗೆ ಏನೋ ಸರಿದ ಸದ್ದನ್ನೂ ಗಮನಿಸಿದ ಮಕ್ಕಳು "ಅಂಕಲ್, ಆ ಕಡೆ ತೆಗೀರಿ!" ಎಂದು ಕೂಗುತ್ತಾರೆ. ಕೊನೆಗೆ ಎಲ್ಲ ಬಾಗಿಲುಗಳೂ ತೆರೆದು ಪೆಟ್ಟಿಗೆ ಬರಿದಾಗಿ, ದಾಳ ಟೋಪಿಯೊಳಗಿಂದ ಹೊರಬರುತ್ತದೆ. ಏಳರಿಂದ ಹತ್ತು ವರ್ಷದವರಿಗೆ ಇದು ಅತ್ಯುತ್ತಮ. ಆದರೆ ಐದು ವರ್ಷದೊಳಗಿನವರಿಗೆ ಜಾದೂಗಾರ ಸುಳ್ಳು ಹೇಳುತ್ತಿದ್ದಾನೆಂಬ ಎಳೆಯೇ ಸಿಕ್ಕುವುದಿಲ್ಲ. ಅವರಲ್ಲೊಬ್ಬರು ನೇರವಾಗಿ ಎದ್ದು ಬಂದು ಬಾಗಿಲಿಗೆ ಕೈ ಹಾಕುವ ಸಂಭವವೂ ಇದೆ. ಹಾಲ್‌ನಲ್ಲಿ ಹಾಡು ಜೋರಾಗಿದ್ದರೆ ಆಟದ ಜೀವವೇ ಆಗಿರುವ ಆ ಸರಿಯುವ ಸದ್ದು ಕೇಳಿಸುವುದೇ ಇಲ್ಲ. ಇದಕ್ಕಿಂತ ಮುಖ್ಯವಾದುದೆಂದರೆ, ಜಾದೂಗಾರನು ಮಕ್ಕಳ ಕೂಗು ಅರ್ಥವಾಗದ ಪೆದ್ದನಂತೆ ಕಾಣಿಸಬೇಕೇ ಹೊರತು ಅವರನ್ನು ಅಣಕಿಸುವವನಂತೆ ಅಲ್ಲ. ಅವನ ಮುಖದಲ್ಲಿ ಗೆದ್ದ ನಗೆ ಮೂಡಿದರೆ ಮಕ್ಕಳಿಗೆ ಅದು ತಮ್ಮ ಸೋಲಾಗುತ್ತದೆ, ಮತ್ತು ಹುಟ್ಟುಹಬ್ಬದ ದಿನ ಯಾವ ಮಗುವನ್ನೂ ಸೋಲಿಸಲು ನಮ್ಮನ್ನು ಕರೆದಿರುವುದಿಲ್ಲ.

ಬಣ್ಣದ ಪುಸ್ತಕದಲ್ಲಿ ಈ ಅಪಾಯವಿಲ್ಲ. ಪುಟ ಸರಿಸಿದಾಗ ಒಮ್ಮೆ ಖಾಲಿ ಹಾಳೆ, ಒಮ್ಮೆ ಗೆರೆಚಿತ್ರ, ಒಮ್ಮೆ ಬಣ್ಣ ತುಂಬಿದ ಚಿತ್ರ ಕಾಣುವ ಈ ಆಟ ಬಹಳ ಹಳೆಯದು. ಇಂಗ್ಲೆಂಡಿನ ಲೇಖಕ ರೆಜಿನಾಲ್ಡ್ ಸ್ಕಾಟ್ 1584ರಷ್ಟು ಹಿಂದೆಯೇ ಇಂಥ ಪುಸ್ತಕವನ್ನು ವರ್ಣಿಸಿದ್ದಾನೆ. ನಾಲ್ಕು ವರ್ಷದ ಮಗುವಿಗೂ ಇದು ವಿವರಣೆಯಿಲ್ಲದೆ ತಿಳಿಯುತ್ತದೆ. "ಯಾರ ಅಂಗಿಯಲ್ಲಿ ಕೆಂಪಿದೆ? ಆ ಬಣ್ಣವನ್ನು ಹಿಡಿದು ಇಲ್ಲಿಗೆ ಎಸೆಯಿರಿ" ಎಂದರೆ ಸಾಕು, ಸಭೆಯ ಎಲ್ಲ ಮಕ್ಕಳೂ ಏಕಕಾಲಕ್ಕೆ ಜಾದೂಗಾರರಾಗುತ್ತಾರೆ, ನನ್ನ ಅಳತೆಗೋಲಿಗೆ ಇದಕ್ಕಿಂತ ಚೆನ್ನಾಗಿ ಒಪ್ಪುವ ಆಟ ಬೇರೊಂದಿಲ್ಲ. ಪೂರ್ವಸಿದ್ಧತೆ ಬೇಡ, ಪಕ್ಕದಲ್ಲಿ ಕುಳಿತವರಿಗೆ ಗುಟ್ಟು ಕಾಣುವ ಭಯವಿಲ್ಲ, ಮುಗಿದ ಮರುಕ್ಷಣ ಮತ್ತೆ ಮಾಡಬಹುದು. ಕೊರತೆಯೆಂದರೆ ಇದು ಆಟಿಕೆಯಾಗಿಯೂ ಮಾರಾಟವಾಗುವುದರಿಂದ ಎಂಟು ದಾಟಿದ ಮಗುವೊಂದು "ನನ್ನ ಹತ್ರಾನೂ ಇದೆ" ಎನ್ನಬಹುದು. ಆ ಮಗುವನ್ನು ಸುಮ್ಮನಿರಿಸಲು ಹೋಗದೆ ಪಕ್ಕಕ್ಕೆ ಕರೆದು ಸಹಾಯಕನ ಪಟ್ಟ ಕೊಡುವುದು ಒಳ್ಳೆಯದು. ಪಟ್ಟ ಸಿಕ್ಕಿದ ಮೇಲೆ ಗುಟ್ಟನ್ನು ಅವರೇ ನಮಗಿಂತ ನಿಷ್ಠೆಯಿಂದ ಕಾಯುತ್ತಾರೆ. ಕೊಳ್ಳುವಾಗ ದೊಡ್ಡ ಅಳತೆಯದನ್ನೇ ಕೊಳ್ಳಬೇಕು, ಚಿಕ್ಕದು ಮೂರನೆಯ ಸಾಲಿಗೆ ಕಾಣುವುದಿಲ್ಲ.

ಸ್ಪಂಜಿನ ಚೆಂಡುಗಳ ವಿಚಾರ ಬೇರೆ. ಅಮೆರಿಕದ ಜಾದೂಗಾರ ಆಲ್ಬರ್ಟ್ ಗಾಷ್‌ಮನ್ ಹೆಸರಿನೊಡನೆ ಬೆಸೆದುಕೊಂಡಿರುವ ಈ ಮೃದುವಾದ ಚೆಂಡುಗಳಲ್ಲಿ ಜಾದೂ ನಡೆಯುವುದು ಮಗುವಿನ ಮುಷ್ಟಿಯೊಳಗೆ. ಒಂದನ್ನು ಹಿಡಿದಿದ್ದೇನೆಂದು ನಂಬಿದ ಮಗು ಕೈ ಬಿಚ್ಚಿದಾಗ ಎರಡು ಚೆಂಡುಗಳು ಉಬ್ಬಿ ಹೊರಬರುವ ಕ್ಷಣಕ್ಕೆ ನನ್ನ ಬಳಿಯಿರುವ ಬೇರಾವ ಸಾಮಗ್ರಿಯೂ ಸಮನಾಗದು. ಮಾತನಾಡಲು ನಾಚುವ ಹುಟ್ಟುಹಬ್ಬದ ಮಗುವಿಗಂತೂ ಇದು ವರದಾನವೇ ಸರಿ, ಏಕೆಂದರೆ ಅದು ಮುಷ್ಟಿ ಹಿಡಿದು ನಿಂತರೆ ಸಾಕು. ಆದರೆ ಬಣ್ಣದ ಪುಸ್ತಕ ಒಂದು ಸಂಜೆಯಲ್ಲಿ ಕೈಗೆ ಹತ್ತಿದರೆ, ಇದಕ್ಕೆ ತಿಂಗಳುಗಟ್ಟಲೆ ಸಾಧನೆ ಬೇಕು. ಕೇರಳದ ಜಾದೂಗಾರ ವಾಳಕುನ್ನಂ ನೀಲಕಂಠನ್ ನಂಬೂದಿರಿಯವರು ಬಟ್ಟಲುಗಳಡಿ ಚೆಂಡು ಮಾಯವಾಗಿ ಮೂಡುವ ಚೆಪ್ಪು-ಚೆಂಡಿನ ಆಟದಲ್ಲಿ ಹೆಸರಾದದ್ದು ಇದೇ ಬಗೆಯ ಕೈಚಳಕದಿಂದ. ಹಿಂದಿನ ಸಾಲಿನವರಿಗೆ ಚೆಂಡುಗಳು ಕಾಣುವುದೂ ಕಷ್ಟ, ಬೆನ್ನ ಹಿಂದೆ ಯಾರಾದರೂ ನಿಂತಿದ್ದರೆ ಆಡಿಸುವುದೂ ಕಷ್ಟ. ಕೇಕಿನ ಕ್ರೀಮ್ ಮೆತ್ತಿದ ಕೈಗಳಿಗೆ ಅವನ್ನು ಕೊಡುವಂತಿಲ್ಲವಾದ್ದರಿಂದ ಕೇಕ್ ಕತ್ತರಿಸುವ ಮೊದಲೇ ಈ ಆಟ ಮುಗಿಯಬೇಕು. ಪುಟ್ಟ ಮಕ್ಕಳು ಸ್ಪಂಜನ್ನು ಬಾಯಿಗೆ ಹಾಕಿಕೊಳ್ಳುವ ಭಯವಿರುವುದರಿಂದ ಆಟ ಮುಗಿದೊಡನೆ ಎಣಿಸಿ ಜೇಬಿಗೆ ಸೇರಿಸುವುದನ್ನು ಎಂದೂ ಮರೆಯಬಾರದು.

ಬರಿದಾದ ಚೊಂಬಿನಿಂದ ಮತ್ತೆ ಮತ್ತೆ ನೀರು ಸುರಿಸುವ 'ವಾಟರ್ ಆಫ್ ಇಂಡಿಯಾ' ಆಟವನ್ನು ಬಂಗಾಳದ ಜಾದೂಗಾರ ಹಿರಿಯ ಪಿ.ಸಿ. ಸರ್ಕಾರ್ ಅವರು ತಮ್ಮ ಪ್ರದರ್ಶನದುದ್ದಕ್ಕೂ ನಡುನಡುವೆ ಮಾಡುತ್ತಿದ್ದರು. ಇದರಲ್ಲಿ ಮಗುವಿಗೆ ದೊಡ್ಡ ಪಾತ್ರವಿಲ್ಲ, ಆದರೂ ನಾನು ಇದನ್ನು ಬಿಡಲಾರೆ: ಡೈ ಬಾಕ್ಸ್ ಎಬ್ಬಿಸಿದ ಗದ್ದಲವನ್ನು ಮೈಕಿನಲ್ಲಿ ಗದರಿ ತಣಿಸುವುದಕ್ಕಿಂತ, ಮಾತಿಲ್ಲದೆ ಚೊಂಬನ್ನು ಕೈಗೆತ್ತಿಕೊಂಡರೆ ಮಕ್ಕಳು ತಾವಾಗಿಯೇ ಕಣ್ಣರಳಿಸಿ ಕಾಯುತ್ತಾರೆ. ನುಣುಪಾದ ನೆಲಹಾಸಿನ ಮೇಲೆ ನೀರು ಚೆಲ್ಲಿದರೆ ಓಡಾಡುವ ಮಕ್ಕಳು ಜಾರುತ್ತಾರೆಂಬುದರಿಂದ ಅಗಲವಾದ ಬಕೆಟ್ ಅತ್ಯಗತ್ಯ.

ಪಾರಿವಾಳ ತರುತ್ತೀರಾ ಎಂದು ಕೇಳುವ ಪೋಷಕರೂ ಇದ್ದಾರೆ. ಪ್ರಾಣಿ ಪ್ರದರ್ಶನಕ್ಕೆ ಕೇಂದ್ರ ಸರ್ಕಾರದ 2001ರ ನಿಯಮಗಳಂತೆ ನೋಂದಣಿ ಬೇಕು. ಅದಿದ್ದರೂ ಬಲೂನುಗಳು ಸಿಡಿಯುವ ಹಾಲ್‌ಗೆ ನಾನು ಹಕ್ಕಿಯನ್ನು ಒಯ್ಯಲಾರೆ.

ಹಣ ಒಂದಕ್ಕೇ ಸಾಲುವುದಾದರೆ ಬಣ್ಣದ ಪುಸ್ತಕವನ್ನೇ ಕೊಳ್ಳಿರಿ, ಸ್ಪಂಜಿನ ಅಭ್ಯಾಸವನ್ನು ಅದೇ ದಿನ ಆರಂಭಿಸಿರಿ. ಡೈ ಬಾಕ್ಸ್ ಖರೀದಿಯನ್ನು, ಆಹ್ವಾನ ಬಂದಾಗಲೆಲ್ಲ ಮಕ್ಕಳ ವಯಸ್ಸನ್ನು ಮೊದಲೇ ಕೇಳಿ ತಿಳಿಯುವ ರೂಢಿ ಬೆಳೆದ ನಂತರಕ್ಕೆ ಇಟ್ಟುಕೊಳ್ಳಬಹುದು.