ಕಾರವಾರದ ಉಪ್ಪುಗಾಳಿಯಲ್ಲಿ ಐವತ್ತು ರೂಪಾಯಿಯ ಕೇಬಲ್

ಕಾರವಾರದ ಭಾನುವಾರದ ಸಂತೆಯಲ್ಲಿ ತರಕಾರಿಯ ಸಾಲು ಮುಗಿದು ಪ್ಲಾಸ್ಟಿಕ್ ಸಾಮಾನಿನ ಸಾಲು ಶುರುವಾಗುವ ಕಡೆ ಚಾರ್ಜಿಂಗ್ ಕೇಬಲ್‌ಗಳನ್ನು ಹೂಮಾಲೆಯಂತೆ ತೂಗುಹಾಕಿ ಮಾರುತ್ತಾರೆ. ಕಳೆದ ಮೇ ತಿಂಗಳಲ್ಲಿ ಅಲ್ಲಿ 50 ರೂಪಾಯಿ ಕೊಟ್ಟು ಒಂದನ್ನು ತಂದೆ. ಬಸ್ ನಿಲ್ದಾಣದ ಹತ್ತಿರದ ಗಾಡಿಯಿಂದ 99 ರೂಪಾಯಿಯದು ಒಂದು, ಪರಿಚಯದ ಮೊಬೈಲ್ ಅಂಗಡಿಯಿಂದ 180 ರೂಪಾಯಿಯ ಅರ್ಧ ಮೀಟರ್ ಉದ್ದದ್ದು ಒಂದು, ಆನ್‌ಲೈನಿನಲ್ಲಿ 450 ರೂಪಾಯಿಯ ಹೆಸರಾಂತ ಕಂಪನಿಯದು ಒಂದು, ಹೀಗೆ ನಾಲ್ಕಾದವು. ಕೋಡಿಬಾಗದಲ್ಲಿರುವ ನಮ್ಮ ಮನೆಯಲ್ಲಿ ವರ್ಷಕ್ಕೆ ಮೂರು ನಾಲ್ಕು ಕೇಬಲ್‌ಗಳು ಸಾಯುವುದು ವಾಡಿಕೆಯಾಗಿದ್ದುದರಿಂದ, ಅಗ್ಗದ್ದನ್ನೇ ಕೊಂಡು ಎಸೆಯುವುದು ಲಾಭವೋ, ಒಂದು ಒಳ್ಳೆಯದನ್ನು ಕೊಂಡು ಕಾಪಾಡಿಕೊಳ್ಳುವುದು ಲಾಭವೋ ಎಂಬುದನ್ನು ಒಂದು ಮಳೆಗಾಲವಿಡೀ ನೋಡಿಯೇ ತೀರ್ಮಾನಿಸಬೇಕೆಂದುಕೊಂಡೆ.

ಪರೀಕ್ಷೆಗೆ ಬೇಕಾದದ್ದು ಕೇಬಲ್ ಮತ್ತು ಫೋನಿನ ನಡುವೆ ಸಿಕ್ಕಿಸುವ ಒಂದು ಪುಟ್ಟ ಮೀಟರ್ ಮಾತ್ರ. ಅದೇ 5 ವೋಲ್ಟ್, 2 ಆಂಪಿಯರ್‌ನ ಚಾರ್ಜರ್, ಅದೇ ಫೋನ್, ಬ್ಯಾಟರಿ ಐದನೆಯ ಒಂದು ಭಾಗಕ್ಕೆ ಇಳಿದಾಗ ಅಳತೆ. ಸಂತೆಯ ಕೇಬಲಿನಲ್ಲಿ ಫೋನು ಎಳೆದುಕೊಂಡದ್ದು 0.6 ಆಂಪಿಯರ್, ಗಾಡಿಯದ್ದರಲ್ಲಿ 1.1, ಅರ್ಧ ಮೀಟರಿನದ್ದರಲ್ಲಿ 1.8, ದುಬಾರಿಯದ್ದರಲ್ಲಿ 1.9. ಕೊನೆಯ ಎರಡರ ಬೆಲೆಯಲ್ಲಿ 270 ರೂಪಾಯಿ ಅಂತರವಿದ್ದರೂ ಕೆಲಸದಲ್ಲಿ ಅಂತರವಿಲ್ಲವೆನ್ನುವಷ್ಟು ಕಡಿಮೆ. ಹಾಗೆ ನೋಡಿದರೆ 99 ರೂಪಾಯಿಯದ್ದೇ ಎಲ್ಲಕ್ಕಿಂತ ಮೋಸದ ಮಾಲು, ಏಕೆಂದರೆ ಅದರ ಪೊಟ್ಟಣದ ಮೇಲೆ 65 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಇದರ ಕಾರಣ ತಂತಿಯ ದಪ್ಪದಲ್ಲಿದೆ. ತಂತಿಯ ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳುವಾಗುತ್ತದೆ. 28 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ಪ್ರತಿರೋಧವಿರುತ್ತದೆ; ವಿದ್ಯುತ್ತು ಹೋಗಿ ಹಿಂದಿರುಗಬೇಕಾದ್ದರಿಂದ ಒಂದು ಮೀಟರ್ ಕೇಬಲಿನಲ್ಲಿ ಅದು ಎರಡರಷ್ಟಾಗಿ, 2 ಆಂಪಿಯರ್ ಹರಿಸಿದರೆ 0.85 ವೋಲ್ಟ್ ದಾರಿಯಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ. ಫೋನಿಗೆ 4.15 ವೋಲ್ಟ್ ಮಾತ್ರ ಉಳಿಯಬೇಕಾದ ಈ ಸ್ಥಿತಿಯನ್ನು ಗುರುತಿಸಿ ಫೋನು ತಾನಾಗಿಯೇ ಎಳೆತವನ್ನು ತಗ್ಗಿಸಿಕೊಳ್ಳುತ್ತದೆ. 24 ಗೇಜಿನ ತಂತಿಯಾದರೆ ಇದೇ ನಷ್ಟ ಸುಮಾರು 0.34 ವೋಲ್ಟಿಗೆ ಇಳಿಯುತ್ತದೆ. ಕೇಬಲಿನ ಮೈಮೇಲೆ 28 ಮತ್ತು 24 ಎಂಬ ಎರಡು ಗೇಜ್ ಸಂಖ್ಯೆಗಳು ಜೊತೆಯಾಗಿ ಅಚ್ಚಾಗಿದ್ದರೆ, ಮೊದಲನೆಯದು ಡೇಟಾ ತಂತಿಗಳದ್ದು, ಎರಡನೆಯದು ವಿದ್ಯುತ್ ತಂತಿಗಳದ್ದು. ಆ ಎರಡನೆಯ ಸಂಖ್ಯೆಯನ್ನು ಕನ್ನಡಕ ಹಾಕಿಕೊಂಡಾದರೂ ಓದಬೇಕು. ಉದ್ದ ಅರ್ಧವಾದರೆ ನಷ್ಟವೂ ಅರ್ಧವಾಗುವುದರಿಂದ ಮಂಚದವರೆಗೆ ಎಟುಕುವ ಮೂರು ಮೀಟರಿನ ಅಗ್ಗದ ಕೇಬಲ್ ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಡೇಟಾ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಸಂತೆಯ ಕೇಬಲನ್ನು ಕಂಪ್ಯೂಟರಿಗೆ ಜೋಡಿಸಿದರೆ ಫೋನು ಬಂದದ್ದೇ ಅದಕ್ಕೆ ತಿಳಿಯಲಿಲ್ಲ. ಕುಯ್ದು ನೋಡಿದಾಗ ನಾಲ್ಕಿರಬೇಕಾದ ತಂತಿಗಳು ಎರಡೇ ಇದ್ದವು. (ಕುಯ್ಯುವುದಕ್ಕೆಂದೇ ಅದೇ ಮಾಲೆಯಿಂದ ಇನ್ನೊಂದನ್ನು ತಂದಿದ್ದೆ.) ಉಳಿದ ಮೂರೂ ಡೇಟಾ ಸಾಗಿಸಿದವು. ಆದರೆ ಅವೆಲ್ಲ ಸೆಕೆಂಡಿಗೆ ಗರಿಷ್ಠ 480 ಮೆಗಾಬಿಟ್‌ನ ಯುಎಸ್‌ಬಿ 2.0 ದರ್ಜೆಯವು, 450 ರೂಪಾಯಿ ಕೊಟ್ಟದ್ದರಿಂದ ಮದುವೆಯ ವಿಡಿಯೊ ಬೇಗ ಇಳಿಯಲಿಲ್ಲ.

ಇನ್ನು ಮಳೆಗಾಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿ ನಾಲಿಗೆಗೆ ಮುಟ್ಟಿಸಿದರೆ ಉಪ್ಪು ತಾಗುತ್ತದೆ. ದೇವರ ಕೋಣೆಯ ತಾಮ್ರದ ತಂಬಿಗೆಗೆ ಹತ್ತುವ ಕಿಲುಬೇ ಕೇಬಲಿನ ಪಿನ್ನುಗಳಿಗೂ ಹತ್ತುತ್ತದೆ, ವ್ಯತ್ಯಾಸವೆಂದರೆ ಇಲ್ಲಿ ಹುಣಸೆಹಣ್ಣು ಹಾಕಿ ತಿಕ್ಕುವಂತಿಲ್ಲ. ಆಗಸ್ಟ್ ಹೊತ್ತಿಗೆ ಗಾಡಿಯ ಕೇಬಲಿನ ಬಾಯಲ್ಲಿ ಹಸಿರು ಕಂಡಿತು, ಅದು ಅನಿರೀಕ್ಷಿತವಲ್ಲ. ಆದರೆ ದುಬಾರಿ ಕೇಬಲಿನ ಪಿನ್ನುಗಳಲ್ಲಿ ಕೆಲವು ಕಪ್ಪಾದದ್ದು ನನ್ನನ್ನು ಯೋಚನೆಗೆ ಹಚ್ಚಿತು. ಕಪ್ಪಾದವು 5 ವೋಲ್ಟ್ ಹೊರುವ ಪಿನ್ನುಗಳೇ. ಹಳೆಯ ಚಪ್ಪಟೆ ಬಾಯಿಯ, ಅಂದರೆ ಟೈಪ್ ಎ ಚಾರ್ಜರ್‌ಗೆ ಹಾಕಿದ ಕೇಬಲಿನ ತುದಿಯಲ್ಲಿ, ಫೋನು ಇರಲಿ ಬಿಡಲಿ, ವಿದ್ಯುತ್ತು ಸದಾ ಇರುತ್ತದೆ. ಪಿನ್ನುಗಳ ನಡುವೆ ಉಪ್ಪಿನ ತೇವ ಕೂತರೆ ಸೂಕ್ಷ್ಮ ಪ್ರವಾಹ ಹರಿದು ಲೋಹ ಕರಗುತ್ತದೆ. ಎರಡೂ ತುದಿ ಟೈಪ್ ಸಿ ಇರುವ ವ್ಯವಸ್ಥೆಯಲ್ಲಿ ಹಾಗಲ್ಲ: ಆಚೆ ತುದಿಯಲ್ಲಿ ಸಾಧನವಿದೆಯೆಂದು ಚಾರ್ಜರ್‌ಗೆ ಖಾತ್ರಿಯಾದ ಮೇಲೆಯೇ ವಿದ್ಯುತ್ತು ಬರುತ್ತದೆ. ಆದ್ದರಿಂದ ಕರಾವಳಿಯವರು ಕೇಬಲಿನ ಬೆಲೆಗಿಂತ ಮೊದಲು ಗೋಡೆಯ ಸ್ವಿಚ್ಚನ್ನು ನೆನೆಯಬೇಕು. ಫೋನು ತೆಗೆದ ಕೂಡಲೇ ಸ್ವಿಚ್ ಆರಿಸುವುದನ್ನು ರೂಢಿಸಿಕೊಂಡ ನಂತರ 180 ರೂಪಾಯಿಯ ಕೇಬಲ್ ದೀಪಾವಳಿ ದಾಟಿಯೂ ಹೊಳೆಯುತ್ತಿದೆ. ನೂಲು ಹೆಣೆದ ಹೊದಿಕೆಯ ಕೇಬಲ್‌ಗಳು ನೋಡಲು ಚೆಂದ, ಆದರೆ ನಮ್ಮ ಹವೆಯಲ್ಲಿ ಆ ನೂಲು ತೇವ ಹಿಡಿದುಕೊಂಡು ಮುಗ್ಗಲು ವಾಸನೆ ಬರುತ್ತದೆ. ನುಣುಪಾದ ರಬ್ಬರ್ ಹೊದಿಕೆಯೇ ವಾಸಿ.

ಅಗ್ಗದ್ದು ಅಪಾಯವೇ ಎಂದು ಕೇಳಿದರೆ, ಬಹುಪಾಲು ಸಂದರ್ಭದಲ್ಲಿ ಅದು ನಿಧಾನ ಅಷ್ಟೆ. ಆದರೆ 2016ರಲ್ಲಿ ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲ್ಯೂಂಗ್ ಪರೀಕ್ಷಿಸಿದ ಒಂದು ಅಗ್ಗದ ಕೇಬಲಿನೊಳಗೆ ವಿದ್ಯುತ್ ತಂತಿ ಮತ್ತು ಅದು ಹಿಂದಿರುಗುವ ಗ್ರೌಂಡ್ ತಂತಿ ಅದಲುಬದಲಾಗಿದ್ದು, ಜೋಡಿಸಿದೊಡನೆ ಅವರ ಕ್ರೋಮ್‌ಬುಕ್ ಲ್ಯಾಪ್‌ಟಾಪ್ ಕೆಟ್ಟುಹೋಯಿತು. ಅದೇ ಕೇಬಲಿನಲ್ಲಿ 56 ಕಿಲೊ ಓಮ್‌ನ ಪ್ರತಿರೋಧಕ ಇರಬೇಕಾದಲ್ಲಿ 10 ಕಿಲೊ ಓಮ್‌ನದು ಇತ್ತು. ಚಾರ್ಜರ್ ಎಷ್ಟು ಕೊಡಬಲ್ಲದು ಎಂಬುದನ್ನು ಫೋನಿಗೆ ತಿಳಿಸುವ ಆ ಪುಟ್ಟ ತುಣುಕು ಸುಳ್ಳು ಹೇಳಿದರೆ ಫೋನು ಅತಿಯಾಗಿ ಎಳೆದು ಹಳೆಯ ಚಾರ್ಜರನ್ನು ಸುಡಬಹುದು. ಹಾಗಾಗಿ ಲ್ಯಾಪ್‌ಟಾಪಿಗೆ ಸಂತೆಯ ಕೇಬಲ್ ಖಂಡಿತ ಬೇಡ. ಟೈಪ್ ಸಿಯಲ್ಲಿ 60 ವ್ಯಾಟ್‌ಗಿಂತ ಹೆಚ್ಚು ಬೇಕಾದರೆ ಕೇಬಲಿನೊಳಗೆ ತನ್ನ ಸಾಮರ್ಥ್ಯವನ್ನು ಸಾರುವ ಚಿಪ್ ಇರಲೇಬೇಕು, ಆ ಚಿಪ್ 50 ರೂಪಾಯಿಗೆ ಬರುವುದಿಲ್ಲ.

ಮನೆಯಲ್ಲಿ ಈಗ 180 ರೂಪಾಯಿಯ ಇನ್ನೂ ಎರಡು ಕೇಬಲ್‌ಗಳಿವೆ, ಅದೇ ಅಂಗಡಿಯಿಂದ, ಕೊಳ್ಳುವ ಮುಂಚೆ ಅಂಗಡಿಯಲ್ಲೇ ಮೀಟರ್ ಹಾಕಿ ನೋಡಿದವು. ಅಂಗಡಿಯವರು ಮೊದಲು ನಕ್ಕರು, ಆಮೇಲೆ ಮೀಟರ್ ಎಲ್ಲಿ ಸಿಗುತ್ತದೆಂದು ಕೇಳಿದರು. ಸಂತೆಯ ಕೇಬಲನ್ನೂ ಎಸೆದಿಲ್ಲ. ಕರೆಂಟು ಹೋದಾಗ ಉರಿಸುವ ನಮ್ಮ ಪುಟ್ಟ ದೀಪಕ್ಕೆ ಟೈಪ್ ಸಿ ಬಾಯಿ ಇದ್ದರೂ, ತಯಾರಿಸಿದವರು ಒಳಗಿನ ಪ್ರತಿರೋಧಕವನ್ನು ಉಳಿತಾಯ ಮಾಡಿರುವುದರಿಂದ ಅದು ಟೈಪ್ ಸಿ ಚಾರ್ಜರ್‌ನಿಂದ ಚಾರ್ಜ್ ಆಗುವುದೇ ಇಲ್ಲ. ಹಳೆಯ ಚಪ್ಪಟೆ ಚಾರ್ಜರ್ ಮತ್ತು ಆ ಎರಡೆಳೆಯ ಕೇಬಲ್ ಇದ್ದರೆ ಅರ್ಧ ಆಂಪಿಯರಿನಲ್ಲಿ ರಾತ್ರಿಯಿಡೀ ತುಂಬಿಕೊಳ್ಳುತ್ತದೆ.