90 ದಿನಗಳ ದಿನಚರಿ ಪುಸ್ತಕ: ಸಂಜೆಯ ಪುಟ ಗಟ್ಟಿ, ಬೆಳಗಿನ ಪುಟಕ್ಕೆ ತಿದ್ದುಪಡಿ ಬೇಕು

ರಟ್ಟು ತೆರೆದರೆ ಮೊದಲ ಪುಟದಲ್ಲೇ ದಪ್ಪಕ್ಷರದ ಭರವಸೆ: ಹುಮ್ಮಸ್ಸಿನಿಂದ ಬದುಕಿ, ಸಕಾರಾತ್ಮಕವಾಗಿರಿ, ನಾಲ್ಕು ಜನರಿಗೆ ಸ್ಫೂರ್ತಿಯಾಗಿ. ಎ5 ಅಳತೆ, ತಾರೀಕು ಮುದ್ರಿಸದ ಪುಟಗಳು, ಬೆಳಿಗ್ಗೆಗೊಂದು ಸಂಜೆಗೊಂದು ಪುಟದಂತೆ 90 ದಿನ, ನಡುವೆ ವಾರಕ್ಕೊಂದು ಅವಲೋಕನ, ಕೊನೆಗೆ ಕೆಲವು ಖಾಲಿ ಹಾಳೆ. ಈ ಬಗೆಯ ದಿನಚರಿಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಹೊದಿಕೆ ಬೇರೆಬೇರೆ, ಒಳಗಿನ ಚೌಕಟ್ಟು ಹೆಚ್ಚುಕಮ್ಮಿ ಒಂದೇ. ಆದ್ದರಿಂದ ಇಲ್ಲಿ ತೂಗಿ ನೋಡುತ್ತಿರುವುದು ಆ ಚೌಕಟ್ಟನ್ನೇ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊಳ್ಳಬಹುದು, ಆದರೆ ಅಚ್ಚಾದ ಹಾಗೆಯೇ ತುಂಬಿಸುತ್ತ ಹೋಗಬೇಡಿ. ಸಂಜೆಯ ಪುಟ ನಿಜಕ್ಕೂ ಕೆಲಸ ಮಾಡುತ್ತದೆ. ಬೆಳಗಿನ ಪುಟದ ಒಂದು ಸಾಲು ಕೆಲವರಿಗೆ ಒಳ್ಳೆಯದಕ್ಕಿಂತ ಕೆಟ್ಟದ್ದನ್ನೇ ಮಾಡಬಹುದು. ಸ್ಫೂರ್ತಿಯ ಹೆಸರಿನಲ್ಲಿ ಕೊಟ್ಟಿರುವ ಚೌಕವಂತೂ ಪ್ರಶ್ನೆಯನ್ನೇ ತಪ್ಪಾಗಿ ಕೇಳುತ್ತದೆ. ಮೂರನೇ ವಾರದಲ್ಲಿ ಬರೆಯುವುದು ನಿಂತುಹೋದರೆ ಬಹಳ ಮಂದಿ ತಮ್ಮ ಶಿಸ್ತನ್ನೇ ದೂರಿಕೊಳ್ಳುತ್ತಾರೆ. ಅರ್ಧ ತಪ್ಪು ಪುಟವಿನ್ಯಾಸದ್ದು.

ಸಂಜೆಯ ಪುಟದಿಂದಲೇ ಶುರು ಮಾಡೋಣ, ಪುಸ್ತಕದ ಜೀವ ಇರುವುದು ಅಲ್ಲಿ. ‘ಇಂದು ನಡೆದ ಮೂರು ಒಳ್ಳೆಯ ಸಂಗತಿಗಳು’ ಎಂಬ ಶೀರ್ಷಿಕೆ, ಪ್ರತಿಯೊಂದರ ಕೆಳಗೆ ‘ಏಕೆ ನಡೆಯಿತು?’ ಎಂಬ ಉಪಪ್ರಶ್ನೆ. ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದ್ದು ಇದೇ ಅಭ್ಯಾಸವನ್ನು. ಒಂದೇ ವಾರ, ಪ್ರತಿ ರಾತ್ರಿ ಮೂರು ಸಂಗತಿ, ಮೂರಕ್ಕೂ ಕಾರಣ. ಆರು ತಿಂಗಳ ನಂತರವೂ ಅದರ ಪರಿಣಾಮ ಕಾಣಿಸಿತು. ವಾರ ಮುಗಿದ ಮೇಲೂ ತಾವಾಗಿಯೇ ಮುಂದುವರಿಸಿದವರಿಗೆ ಹೆಚ್ಚು ಲಾಭವಾಯಿತು. ಇಲ್ಲಿ ‘ಏಕೆ’ ಎನ್ನುವುದು ಅಲಂಕಾರಕ್ಕೆ ಇಟ್ಟ ಪದವಲ್ಲ. ಜಾಗ ಉಳಿಸಲು ಕೆಲವು ಮುದ್ರಣಗಳಲ್ಲಿ ಆ ಸಾಲನ್ನೇ ಕಿತ್ತುಹಾಕಿರುತ್ತಾರೆ. ಕೊಳ್ಳುವ ಮುನ್ನ ಒಳಪುಟದ ಚಿತ್ರ ನೋಡಿ. ‘ಏಕೆ’ ಇಲ್ಲದಿದ್ದರೆ ಬೇರೆ ಪುಸ್ತಕ ಹುಡುಕಿ, ಇಲ್ಲವೇ ಪ್ರತಿ ಸಂಗತಿಯ ಕೆಳಗೆ ಎರಡು ಗೆರೆ ನೀವೇ ಬಿಟ್ಟುಕೊಳ್ಳಿ.

ಈ ಪುಟ ಎಲ್ಲಿ ಕೆಡುತ್ತದೆ? ನಾಲ್ಕನೆಯ ದಿನದ ಹೊತ್ತಿಗೆ ಸಾಲುಗಳು ಹೀಗಾಗಿರುತ್ತವೆ: ‘ಮನೆಯವರು. ಆರೋಗ್ಯ. ಕೆಲಸ.’ ಮಾರನೆಯ ದಿನವೂ ಅದೇ, ಅದರಾಚೆಯ ದಿನವೂ ಅದೇ. ಮನಸ್ಸು ಪದೇಪದೇ ಕಂಡದ್ದಕ್ಕೆ ಒಗ್ಗಿಹೋಗುತ್ತದೆ, ಒಗ್ಗಿದ್ದು ಮತ್ತೆ ಮುಟ್ಟುವುದಿಲ್ಲ. ಸಾಲಿನಲ್ಲಿ ಹೊತ್ತು, ವ್ಯಕ್ತಿ, ಕ್ರಿಯೆ ಮೂರೂ ಇರಲಿ. ಉದಾಹರಣೆಗೆ: ‘ಮಧ್ಯಾಹ್ನ ಮೂರಕ್ಕೆ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡಾಗ ಪಕ್ಕದ ಮೇಜಿನವರು ತಮ್ಮ ಕೆಲಸ ಬಿಟ್ಟು ಎದ್ದು ಬಂದರು, ಹಿಂದಿನ ಮುಚ್ಚಳ ತೆಗೆದು ಬಿಡಿಸಿಕೊಟ್ಟರು. ಏಕೆ: ನಾನು ಬಾಯಿಬಿಟ್ಟು ಕೇಳಿದೆ.’ ಆ ಕೊನೆಯ ಮೂರು ಪದಗಳನ್ನು ಗಮನಿಸಿ. ಅದೃಷ್ಟದಂತೆ ಕಂಡ ಸಂಗತಿಯೊಳಗೆ ತಾನು ಮಾಡಿದ ಒಂದು ಸಣ್ಣ ಕೆಲಸ ಸಿಕ್ಕಿತು, ಅದನ್ನು ನಾಳೆಯೂ ಮಾಡಬಹುದು. ಮೂರು ಬರೆಯಲು ಪುರುಸೊತ್ತಿಲ್ಲದ ದಿನ ಹೀಗೆ ಬಿಡಿಸಿ ಒಂದೇ ಒಂದನ್ನು ಬರೆದರೂ ಸಾಕು.

ವಾರಕ್ಕೊಮ್ಮೆ ಇನ್ನೊಂದು ಬಗೆಯಲ್ಲೂ ಬರೆದು ನೋಡಿ, ಪುಸ್ತಕದಲ್ಲಿ ಇದು ಇರುವುದಿಲ್ಲ. ಬದುಕಿನ ಒಂದು ಒಳ್ಳೆಯ ಘಟನೆಯನ್ನು ಆರಿಸಿಕೊಂಡು, ಅದು ನಡೆಯದೇ ಹೋಗಬಹುದಾಗಿದ್ದ ದಾರಿಗಳನ್ನು ಬರೆಯುವುದು. ಆ ದಿನ ಬಸ್ಸು ತಪ್ಪಿದ್ದರೆ ಆ ಗೆಳೆಯರ ಪರಿಚಯವೇ ಆಗುತ್ತಿರಲಿಲ್ಲ ಎನ್ನುವಂಥದ್ದು. 2008ರ ಒಂದು ಅಧ್ಯಯನದಲ್ಲಿ, ಒಳ್ಳೆಯದು ಹೇಗೆ ನಡೆಯಿತು ಎಂದು ಬರೆದವರಿಗಿಂತ ಅದು ಹೇಗೆ ನಡೆಯದೇ ಹೋಗಬಹುದಿತ್ತು ಎಂದು ಬರೆದವರ ಮನಸ್ಸು ಹೆಚ್ಚು ಅರಳಿತ್ತು. ಒಗ್ಗಿಹೋದದ್ದನ್ನು ಮತ್ತೆ ಹೊಸದಾಗಿ ಕಾಣಿಸುವ ಶಕ್ತಿ ಈ ಬರವಣಿಗೆಗಿದೆ.

ಇನ್ನು ಬೆಳಗಿನ ಪುಟ. ಇಲ್ಲಿ ಮೇಲಿನ ಸಾಲಿನಲ್ಲೇ ‘ನಾನು...’ ಎಂದು ಅಚ್ಚಾಗಿರುತ್ತದೆ, ಅದರ ಮುಂದೆ ತನ್ನನ್ನು ಹೊಗಳಿಕೊಳ್ಳುವ ವಾಕ್ಯ ತುಂಬಬೇಕು. ನಾನು ಸಮರ್ಥ, ನಾನು ಎಲ್ಲರ ಪ್ರೀತಿಗೆ ಅರ್ಹ, ಹೀಗೆ. ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪರೀಕ್ಷಿಸಿದಾಗ, ಆತ್ಮಗೌರವ ಕಡಿಮೆಯಿದ್ದವರು ಇಂಥ ವಾಕ್ಯ ಹೇಳಿಕೊಂಡ ಮೇಲೆ ಇನ್ನಷ್ಟು ಕುಗ್ಗಿದರು. ಮೊದಲೇ ಆತ್ಮಗೌರವ ಹೆಚ್ಚಿದ್ದವರಿಗೆ ಅಲ್ಪಸ್ವಲ್ಪ ಲಾಭವಾಯಿತು. ಅಂದರೆ ಯಾರಿಗೆ ಈ ಸಾಲು ಹೆಚ್ಚು ಬೇಕೆಂದು ಅಚ್ಚು ಹಾಕಿದರೋ ಅವರಿಗೇ ಅದು ತಿರುಗುಬಾಣ. ಕೈ ‘ನಾನು ಸಮರ್ಥ’ ಎಂದು ಬರೆಯುವಾಗ ಒಳಗಿನಿಂದ ‘ನಿನ್ನೆ ಆದದ್ದೇನು?’ ಎಂಬ ಪ್ರಶ್ನೆ ಏಳುತ್ತದೆ, ಆ ವಾದದಲ್ಲಿ ಗೆಲ್ಲುವುದು ಪ್ರಶ್ನೆಯೇ.

ಆ ಸಾಲನ್ನು ಹೊಡೆದುಹಾಕಿ ಅದೇ ಜಾಗದಲ್ಲಿ ನಾಲ್ಕು ತುಣುಕು ಬರೆಯಿರಿ: ಇಂದು ಆಗಬೇಕೆಂದು ಬಯಸುವ ಒಂದು ಸಂಗತಿ, ಅದು ಆದರೆ ಹೇಗಿರುತ್ತದೆ, ಅಡ್ಡ ಬರುವ ನನ್ನೊಳಗಿನದೇ ಒಂದು ತೊಡಕು, ಆ ತೊಡಕು ಎದುರಾದರೆ ಏನು ಮಾಡುತ್ತೇನೆ. ಗೇಬ್ರಿಯೆಲ್ ಎಟಿಂಗೆನ್ ಅವರ ಸಂಶೋಧನೆಯಿಂದ ಬಂದ ಕ್ರಮವಿದು. ಬರೀ ಸಿಹಿ ಕಲ್ಪನೆ ಮಾಡಿಕೊಂಡರೆ ಕೆಲಸಕ್ಕೆ ಬೇಕಾದ ಕಸುವೇ ಇಳಿದುಹೋಗುತ್ತದೆ ಎಂಬುದನ್ನು ತೋರಿಸಿದವರೂ ಅವರೇ. ಕೊನೆಯ ತುಣುಕು ‘ಹೀಗಾದರೆ, ಆಗ ಹೀಗೆ ಮಾಡುತ್ತೇನೆ’ ಎಂಬ ರೂಪದಲ್ಲೇ ಇರಬೇಕು. ‘ಸಭೆಯಲ್ಲಿ ತಾಳ್ಮೆಯಿಂದಿರುತ್ತೇನೆ’ ಎಂದರೆ ಸಾಲದು. ‘ಯಾರಾದರೂ ನನ್ನ ಮಾತನ್ನು ಅರ್ಧಕ್ಕೆ ತಡೆದರೆ, ಒಂದು ಉಸಿರು ಬಿಟ್ಟು, ಈ ಒಂದು ವಾಕ್ಯ ಮುಗಿಸಿಬಿಡುತ್ತೇನೆ ಎನ್ನುತ್ತೇನೆ.’ ಇಷ್ಟು ಬಿಡಿಸಿ ಬರೆದಿದ್ದರೆ ಆ ಗಳಿಗೆಯಲ್ಲಿ ಯೋಚಿಸಬೇಕಾದ್ದು ಏನೂ ಉಳಿದಿರುವುದಿಲ್ಲ.

ಅದೇ ಪುಟದ ಕೆಳಗೆ ‘ನನ್ನ ಒಲವಿಗೆ ಕೊಟ್ಟ ಸಮಯ’ ಎಂದು ನಿಮಿಷ ತುಂಬುವ ಚೌಕವಿದೆ. ಉದ್ದೇಶ ಒಳ್ಳೆಯದು, ಅಳತೆ ಅರೆಬರೆ. ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ವ್ಯಾಲೆರಾಂಡ್ 2003ರಲ್ಲಿ ಒಲವನ್ನು ಎರಡಾಗಿ ಬೇರ್ಪಡಿಸಿದರು: ಬದುಕಿನ ಉಳಿದ ಭಾಗದೊಂದಿಗೆ ಹೊಂದಿಕೊಂಡು ಹೋಗುವ ಒಲವು, ಮನುಷ್ಯನನ್ನೇ ಹಿಡಿದು ಆಡಿಸುವ ಗೀಳು. ನಿಮಿಷಗಳನ್ನಷ್ಟೇ ಎಣಿಸಿದರೆ ಗೀಳಿಗೇ ಹೆಚ್ಚು ಅಂಕ. ನಿಮಿಷದ ಪಕ್ಕದಲ್ಲಿ ಒಂದು ಗೆರೆ ಎಳೆದು ‘ನಿಲ್ಲಿಸಬೇಕೆಂದಾಗ ನಿಲ್ಲಿಸಲಾಯಿತೇ?’ ಎಂದು ಸೇರಿಸಿ, ಹೌದು ಅಥವಾ ಇಲ್ಲ ಎಂದಷ್ಟೇ ತುಂಬಿ. ಒಂದು ವಾರದಲ್ಲಿ ನಾಲ್ಕಕ್ಕಿಂತ ಹೆಚ್ಚು ‘ಇಲ್ಲ’ ಬಂದರೆ ನಿದ್ದೆಯ ಹೊತ್ತನ್ನೂ ಪಕ್ಕದಲ್ಲಿ ಬರೆಯತೊಡಗಿ.

ಈಗ ಆ ಸ್ಫೂರ್ತಿಯ ಚೌಕ. ವಾರದ ಅವಲೋಕನದ ಪುಟದಲ್ಲಿ ‘ಈ ವಾರ ಯಾರಿಗೆ ಸ್ಫೂರ್ತಿಯಾದಿರಿ?’ ಎಂದು ಕೇಳಿದೆ. ಉತ್ತರ ಗೊತ್ತಿರುವುದು ಆ ‘ಯಾರಿಗೋ’ ಮಾತ್ರ. ಬರೆಯುವವರು ಊಹಿಸಬೇಕಾಗುತ್ತದೆ, ಊಹಿಸುತ್ತ ಊಹಿಸುತ್ತ ಮೆಚ್ಚುಗೆ ಎಣಿಸುವ ಚಟ ಹತ್ತುತ್ತದೆ. ಬೇರೆಯವರ ಕಣ್ಣಿನಲ್ಲಿ ತಾನು ಹೇಗೆ ಕಂಡೆ ಎಂದು ನೋಡುತ್ತಿರುವವರ ಉತ್ಸಾಹ ಬೇಗ ಬತ್ತುತ್ತದೆ. ಇದಕ್ಕಿಂತ ಬೇಸರದ ಸಂಗತಿ ಈ ಪುಸ್ತಕದಲ್ಲಿ ಬೇರೊಂದಿಲ್ಲ. ಆ ಪ್ರಶ್ನೆಯನ್ನು ಅಳಿಸಿ ಎರಡು ಪ್ರಶ್ನೆ ಬರೆದುಕೊಳ್ಳಿ. ಈ ವಾರ ಯಾರಿಗೆ ಏನು ಮಾಡಿಕೊಟ್ಟೆ? ಬರೆದಿಟ್ಟ ಯಾವ ಕೃತಜ್ಞತೆಯನ್ನು ಆ ವ್ಯಕ್ತಿಗೇ ತಲುಪಿಸಿದೆ?

ಎರಡಕ್ಕೂ ಆಧಾರ ಇದೆ. ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಫ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ದಿನವೂ ಕೃತಜ್ಞತೆ ಬರೆದ ಗುಂಪಿನವರು, ದಿನದ ಕಿರಿಕಿರಿಗಳನ್ನು ಬರೆದವರಿಗಿಂತ ಹೆಚ್ಚಾಗಿ, ಬೇರೆಯವರ ತೊಂದರೆಗೆ ನೆರವಾದೆವು, ಸಮಾಧಾನ ಹೇಳಿದೆವು ಎಂದು ವರದಿ ಮಾಡಿದರು. ಇನ್ನು ತಲುಪಿಸುವ ವಿಚಾರ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಕೃತಜ್ಞತೆಯ ಪತ್ರ ಬರೆಸಿ ನೋಡಿದರು. ಓದುವವರಿಗೆ ಮುಜುಗರವಾಗಬಹುದು ಎಂದು ಬರೆದವರು ಅಂದುಕೊಂಡದ್ದು ಹೆಚ್ಚಾಯಿತು, ಎಷ್ಟು ಸಂತೋಷಪಡಬಹುದು ಎಂದು ಅಂದುಕೊಂಡದ್ದು ಕಡಿಮೆಯಾಯಿತು. ಪತ್ರ ಕಳಿಸದೆ ಮಡಿಸಿಟ್ಟುಕೊಳ್ಳುವವರೆಲ್ಲ ಈ ತಪ್ಪು ಲೆಕ್ಕವನ್ನೇ ನೆಚ್ಚಿಕೊಂಡಿರುತ್ತಾರೆ. ಒಂದು ಪುಟ ಸಾಕು: ಅವರು ಮಾಡಿದ್ದೇನು, ಅದರಿಂದ ನನಗಾದದ್ದೇನು, ಇಂದು ನಾನು ಏನು ಮಾಡುತ್ತಿದ್ದೇನೆ. ಮೂರನೆಯದನ್ನು ಬಿಡಬೇಡಿ. ತಾನು ಕೊಟ್ಟದ್ದು ಎಲ್ಲಿಯವರೆಗೆ ಬಂದು ಮುಟ್ಟಿತು ಎಂದು ಓದುವವರಿಗೆ ತಿಳಿಯುವುದು ಅದರಿಂದಲೇ, ಆ ತಿಳಿವು ಅವರನ್ನು ಇನ್ನೊಬ್ಬರ ಕಡೆಗೆ ಕೈಚಾಚುವಂತೆ ಮಾಡಬಲ್ಲದು.

ಕಾಗದದ ವಿಷಯಕ್ಕೆ ಬಂದರೆ, 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಹಾಳೆಗೆ ಬಾಲ್‌ಪೆನ್ ಸರಿ. ಜೆಲ್ ಪೆನ್ ಹಿಂಬದಿಗೆ ನೆರಳಾಗಿ ಕಾಣುತ್ತದೆ, ಶಾಯಿ ಪೆನ್ ಒತ್ತಿದ ಕಡೆ ಚುಕ್ಕೆಯಾಗಿ ಇಳಿದು ಮುಂದಿನ ಪುಟ ಹಾಳಾಗುತ್ತದೆ. ಶಾಯಿ ಪೆನ್ ಬಳಸುವವರು 100 ಜಿಎಸ್‌ಎಂ ಕೇಳಿ ಕೊಳ್ಳಬೇಕು. ಗೆರೆಯ ಅಂತರವನ್ನೂ ಅಳೆದು ನೋಡಿ. 6 ಮಿ.ಮೀ. ಗೆರೆ ಇಂಗ್ಲಿಷಿಗೆ ಸಾಕಾಗುತ್ತದೆ. ಕನ್ನಡದಲ್ಲಿ ಒತ್ತಕ್ಷರ ಗೆರೆಯ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೇರುತ್ತದೆ. ‘ಕೃತಜ್ಞತೆ’ ಎಂಬ ಪದವನ್ನೇ ಬರೆದು ನೋಡಿ, ಜ್ಞ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. 8 ಮಿ.ಮೀ. ಇದ್ದರೆ ಕೈಗೆ ಆರಾಮ. ಪ್ರಶ್ನೆಗಳು ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೂ ಉತ್ತರ ಮನಸ್ಸು ಮಾತಾಡುವ ಭಾಷೆಯಲ್ಲೇ ಇರಲಿ. ಹೊಲಿಗೆ ಹಾಕಿದ ಪುಸ್ತಕ ಮೇಜಿನ ಮೇಲೆ ಅಂಗಾತ ತೆರೆದು ನಿಲ್ಲುತ್ತದೆ. ಬರೀ ಅಂಟಿನಿಂದ ಕೂಡಿಸಿದ್ದನ್ನು ಒತ್ತಿ ಒತ್ತಿ ಅಗಲಿಸಿದರೆ ಬೆನ್ನು ಬಿರಿದು ನಡುವಿನ ಹಾಳೆಗಳು ಕೈಗೆ ಬರುತ್ತವೆ.

ಪುಸ್ತಕದ ಹಿಂಭಾಗದಲ್ಲಿ 90 ಪುಟ್ಟ ಚೌಕಗಳ ಪಟ್ಟಿಯಿದೆ, ಬರೆದ ದಿನ ಒಂದೊಂದಕ್ಕೆ ಬಣ್ಣ ತುಂಬಬೇಕು. ಒಂದು ಚೌಕ ಖಾಲಿ ಉಳಿದರೆ ಎಲ್ಲ ಮುಗಿಯಿತು ಎಂದು ಕೈಬಿಡುವವರು ಅನೇಕರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿದಾಗ ಒಂದು ಅಭ್ಯಾಸ ಕೈಗೂಡಲು ಹಿಡಿಯುವ ಅಂದಾಜು ಕಾಲ 18ರಿಂದ 254 ದಿನ, ನಡುವಿನ ಸಂಖ್ಯೆ 66 (ಅರ್ಧದಷ್ಟು ಜನರಿಗೆ ಅದಕ್ಕಿಂತ ಕಡಿಮೆ, ಉಳಿದವರಿಗೆ ಹೆಚ್ಚು). ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸವೇನೂ ಕೆಡಲಿಲ್ಲ. ತಾರೀಕು ಮುದ್ರಿಸದಿರುವುದು ಈ ಪುಸ್ತಕದ ದೊಡ್ಡ ಗುಣ ಎನ್ನುವುದು ಅದಕ್ಕೇ, ಬಿಟ್ಟ ದಿನದ ಖಾಲಿ ಪುಟ ಕಣ್ಣಿಗೆ ಚುಚ್ಚುವುದಿಲ್ಲ. ಪುಸ್ತಕ ಮತ್ತು ಪೆನ್ನು ದಿಂಬಿನ ಪಕ್ಕದಲ್ಲೇ ಇರಲಿ, ಹಲ್ಲುಜ್ಜಿ ಬಂದ ಕೂಡಲೇ ಬರೆಯುವುದೆಂದು ಗೊತ್ತುಮಾಡಿಕೊಳ್ಳಿ. ಸಂಜೆಯ ಪುಟಕ್ಕೆ ಆರೇಳು ನಿಮಿಷ ಧಾರಾಳವಾಯಿತು.

ಒಂದು ಕೊರತೆಯನ್ನು ಮಾತ್ರ ಪೆನ್ನಿನಿಂದ ತಿದ್ದಲಾಗದು. ದುಃಖಕ್ಕೆ ಈ ಪುಸ್ತಕದಲ್ಲಿ ಜಾಗವೇ ಇಲ್ಲ. ಆಪ್ತರನ್ನು ಕಳೆದುಕೊಂಡ ವಾರದಲ್ಲಿ ‘ಮೂರು ಒಳ್ಳೆಯ ಸಂಗತಿ’ ಎಂಬ ಶೀರ್ಷಿಕೆ ಕ್ರೂರವಾಗಿ ಕಾಣುತ್ತದೆ. ಅಂಥ ಹೊತ್ತಿನಲ್ಲಿ ಚೌಕಟ್ಟಿನ ಪುಟಗಳನ್ನು ಮುಚ್ಚಿಡಿ. ಕೆಲವು ವಾರ ಕಳೆದು ಬರೆಯಬೇಕೆನಿಸಿದಾಗ ಕೊನೆಯ ಖಾಲಿ ಹಾಳೆಗಳನ್ನು ತೆರೆಯಿರಿ: ದಿನಕ್ಕೆ 15 ನಿಮಿಷದಂತೆ ಮೂರು ನಾಲ್ಕು ದಿನ, ಕಾಗುಣಿತ ನೋಡದೆ, ಯಾರಿಗೂ ತೋರಿಸುವ ಉದ್ದೇಶವಿಲ್ಲದೆ. ಜೇಮ್ಸ್ ಪೆನ್ನಿಬೇಕರ್ 1980ರ ದಶಕದಿಂದ ಅಧ್ಯಯನ ಮಾಡುತ್ತ ಬಂದ ಬರವಣಿಗೆ ಇದು. ಬರೆದಷ್ಟೂ ಸಂಕಟ ಏರುತ್ತಿದ್ದರೆ ನಿಲ್ಲಿಸಿಬಿಡಿ. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆಯಿಲ್ಲ, ಬದುಕೇ ಬೇಡ ಎನಿಸುತ್ತಿದ್ದರೆ ಪುಸ್ತಕವನ್ನು ಪಕ್ಕಕ್ಕಿಟ್ಟು ಮನೋವೈದ್ಯರನ್ನು ಕಾಣಬೇಕು. ಬದುಕು ಬೇಡ ಎನಿಸಿದರಂತೂ ಎರಡು ವಾರ ಕಾಯದೆ ಅಂದೇ.

90ನೇ ದಿನ ಬರೆದಾದ ಮೇಲೆ ಇನ್ನೊಂದು ಪುಸ್ತಕಕ್ಕೆ ಅವಸರ ಮಾಡಬೇಡಿ. ಬಣ್ಣದ ಪೆನ್ಸಿಲ್ ಹಿಡಿದು ಮೊದಲ ಪುಟದಿಂದ ಓದುತ್ತ, ಸಂಜೆಯ ಪುಟಗಳಲ್ಲಿ ಬಂದ ಪ್ರತಿಯೊಬ್ಬರ ಹೆಸರಿನ ಕೆಳಗೂ ಗೆರೆ ಎಳೆಯಿರಿ. ಅರ್ಧ ಗಂಟೆಯ ಕೆಲಸ. ಯಾರ ಹೆಸರಿನ ಕೆಳಗೆ ಹೆಚ್ಚು ಗೆರೆ ಬಿದ್ದಿದೆಯೋ ಅವರಿಗೆ ಒಂದು ಖಾಲಿ ಹಾಳೆಯಲ್ಲಿ ಪತ್ರ ಬರೆದು, ಹರಿದು, ಅಂದೇ ಕಳಿಸಿಬಿಡಿ.